ಮಗಳು ಖೋ ಖೋ ಕ್ಯಾಪ್ಟನ್, ಈಗ ಟೀಮೇ ಬೇಡ ಅನ್ನುತ್ತಾಳೆ. ಬಿಡಿಸಲೇ?

ಪ್ರಶ್ನೆ: ಸರ್, ನಮ್ಮದು ತಿಪಟೂರಿನ ಹತ್ತಿರ ಒಂದು ಹಳ್ಳಿ. ಮಗಳು ಎಂಟನೇ ತರಗತಿ. ಮಾತು ಕಡಿಮೆ, ಓಟ ಜೋರು. ಶಾಲೆಯ ಖೋ ಖೋ ಟೀಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಾಳೆ ಅಂತ ಈ ವರ್ಷ ಪಿ.ಟಿ. ಮೇಷ್ಟ್ರು ಅವಳನ್ನೇ ಕ್ಯಾಪ್ಟನ್ ಮಾಡಿದರು. ಹೋಬಳಿ ಮಟ್ಟದಲ್ಲಿ ಗೆದ್ದರು. ತಾಲ್ಲೂಕು ಮಟ್ಟದಲ್ಲಿ ಮೊದಲ ಪಂದ್ಯದಲ್ಲೇ ಸೋತರು. ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಇವಳ ಜೊತೆ ಮಾತಾಡಲಿಲ್ಲವಂತೆ. "ನೀನೊಬ್ಬಳೇ ಓಡಿದೆ, ಖೋ ಕೊಡಲೇ ಇಲ್ಲ" ಅಂತ ಒಬ್ಬಳು ಮುಖಕ್ಕೇ ಹೇಳಿದಳಂತೆ. ಅವತ್ತು ರಾತ್ರಿ ಅತ್ತಳು. ಈಗ ಟೀಮೇ ಬೇಡ ಅನ್ನುತ್ತಾಳೆ. ನಮ್ಮತ್ತೆ "ಹೆಣ್ಣುಮಗಳಿಗೆ ಯಾಕೆ ಈ ಉಸಾಬರಿ, ನಾಯಕತ್ವ ಅನ್ನೋದು ಹುಟ್ಟಿನಿಂದಲೇ ಬರಬೇಕು" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನಾದಿನಿ, ರಜೆಯಲ್ಲಿ ಮೂರು ದಿನದ ಲೀಡರ್‌ಶಿಪ್ ಕ್ಯಾಂಪಿಗೆ ಕಳಿಸಿ, ಆಟ ಆಡಿಸಿಯೇ ಕಲಿಸುತ್ತಾರೆ ಅನ್ನುತ್ತಾಳೆ. ಫೀಸು 12 ಸಾವಿರ. ಕ್ಯಾಪ್ಟನ್‌ಗಿರಿ ಬಿಡಿಸಲೇ? ಕ್ಯಾಂಪಿಗೆ ಕಳಿಸಲೇ? ಆಟದಿಂದ ನಾಯಕತ್ವ, ಹೊಂದಾಣಿಕೆ ಬರುತ್ತದೆ ಅನ್ನುವುದು ನಿಜವೇ, ಸುಮ್ನೆ ಹೇಳುವ ಮಾತೇ?

(ಪತ್ರ ಉದ್ದವಿತ್ತು. ಚಿಕ್ಕದು ಮಾಡಿಕೊಂಡಿದ್ದೇನೆ.)

ಉತ್ತರ: ನಿಮ್ಮ ಪತ್ರದಲ್ಲಿ ಕ್ಯಾಂಪಿನ ವಿಷಯ ಒಂದು ಪುಟ ಇತ್ತು, ಬಸ್ಸಿನ ವಿಷಯ ಎರಡು ಸಾಲು. ನಾನು ಮತ್ತೆ ಮತ್ತೆ ಓದಿದ್ದು ಆ ಎರಡು ಸಾಲನ್ನೇ.

ನಾನು 18 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಆಮೇಲೆ ಶಾಲೆ ಮಕ್ಕಳಿಗೆ, ಕಾಲೇಜಿನವರಿಗೆ, ಕಂಪನಿಯವರಿಗೆ ಗುಂಪು ಆಟ ಆಡಿಸುವುದನ್ನೇ ಕಸುಬು ಮಾಡಿಕೊಂಡೆ. ಸೋತ ಟೀಮಿನ ಬಸ್ಸುಗಳಲ್ಲಿ ಬಹಳ ಸಲ ಕೂತಿದ್ದೇನೆ. ಅಲ್ಲಿ ನಾವು ದೊಡ್ಡವರು ಮಾಡುವ ತಪ್ಪು ಒಂದೇ. ಏನೂ ಆಗಿಲ್ಲ ಅನ್ನುವ ಹಾಗೆ ಅಂತ್ಯಾಕ್ಷರಿ ಶುರು ಮಾಡಿಸುತ್ತೇವೆ. ಇಲ್ಲವೇ ಕಿಟಕಿ ಕಡೆ ಮುಖ ಮಾಡಿ ನಿದ್ದೆ ಹೋಗುತ್ತೇವೆ. ಮಕ್ಕಳು ಆ ಒಂದು ಗಂಟೆಯಲ್ಲಿ ತಮ್ಮ ತಮ್ಮಲ್ಲೇ ತೀರ್ಪು ಕೊಟ್ಟುಕೊಂಡುಬಿಡುತ್ತಾರೆ. ನಿಮ್ಮ ಮಗಳಿಗೆ ಆಗಿದ್ದೂ ಅದೇ.

ಆ ಹುಡುಗಿ ಹೇಳಿದ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಖೋ ಖೋದಲ್ಲಿ ಹಿಡಿಯುವ ಸರದಿ ಬಂದಾಗ ಅಂಕಣದಲ್ಲಿ ಒಂಬತ್ತು ಜನ. ಎಂಟು ಜನ ನಡುಗೆರೆಯ ಚೌಕಗಳಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಓಡುವವಳು ಒಬ್ಬಳೇ. ಅವಳ ಮೇಲೆ ಎಷ್ಟು ಕಟ್ಟು ನೋಡಿ. ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವ ಹಾಗಿಲ್ಲ. ಕೂತವರ ಮಧ್ಯೆ ನುಸುಳುವ ಹಾಗಿಲ್ಲ. ತಪ್ಪಿಸಿಕೊಳ್ಳುವ ಮೂವರಿಗೆ ಇದ್ಯಾವುದೂ ಇಲ್ಲ, ಅವರು ಎಲ್ಲಿ ಬೇಕಾದರೂ ನುಗ್ಗಬಹುದು. ಹಾಗಾಗಿ ಎಷ್ಟೇ ಜೋರಾಗಿ ಓಡುವವಳಾದರೂ ಒಬ್ಬಳೇ ಓಡಿ ಒಳ್ಳೆಯ ಆಟಗಾರ್ತಿಯನ್ನು ಹಿಡಿಯುವುದು ಕಷ್ಟ. ಕೂತವಳ ಬೆನ್ನು ಮುಟ್ಟಿ "ಖೋ" ಅಂದು ತಾನು ಅಲ್ಲಿ ಕೂರಲೇಬೇಕು. ತನ್ನಿಂದ ಆಗದ ಕೆಲಸ ಇನ್ನೊಬ್ಬಳಿಂದ ಆಗುತ್ತದೆ ಅಂತ ಒಪ್ಪಿಕೊಳ್ಳುವುದನ್ನೇ ಈ ಆಟ ನಿಯಮ ಮಾಡಿಟ್ಟಿದೆ.

ಹೋಬಳಿ ಮಟ್ಟದಲ್ಲಿ ನಿಮ್ಮ ಮಗಳ ಓಟವೊಂದೇ ಸಾಕಾಗಿರಬೇಕು. ತಾಲ್ಲೂಕಿನಲ್ಲಿ ಎದುರಿಗೆ ಬಂದವರು ಅವಳಷ್ಟೇ ಚುರುಕು. ಆಗ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಖೋ ಕೊಡದ ಮಕ್ಕಳನ್ನು ನಾವು ಸ್ವಾರ್ಥಿ ಅನ್ನುತ್ತೇವೆ. ನಾನು ಕಂಡಂತೆ ಹೆಚ್ಚಿನವರಲ್ಲಿ ಅದು ಸ್ವಾರ್ಥ ಅಲ್ಲ, ಹೆದರಿಕೆ. "ಕ್ಯಾಪ್ಟನ್ ನಾನು. ಇವಳಿಗೆ ಖೋ ಕೊಟ್ಟು ಇವಳು ಬಿಟ್ಟುಬಿಟ್ಟರೆ ಬೈಗುಳ ನನಗೆ ತಾನೇ?" ಅನ್ನುವ ಹೆದರಿಕೆ. ಹೆದರಿದಷ್ಟೂ ಜಾಸ್ತಿ ಓಡುತ್ತಾರೆ. ಓಡಿದಷ್ಟೂ ಉಳಿದವರು ತಣ್ಣಗಾಗುತ್ತಾರೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕಾಲೇಜಿನಲ್ಲಿ ಕಬಡ್ಡಿ ಟೀಮಿನ ಕ್ಯಾಪ್ಟನ್ ಆಗಿದ್ದೆ. ಒಂದು ಪಂದ್ಯದಲ್ಲಿ ಹಿಂದೆ ಬಿದ್ದೆವು. ಸರಿ, ರೈಡ್ ಮೇಲೆ ರೈಡ್ ನಾನೇ ಹೋದೆ. ಎರಡು ಸಲ ಸಿಕ್ಕಿಬಿದ್ದು ಹೊರಗೆ ಕೂತೆ, ಒಳಗೆ ಬಂದ ತಕ್ಷಣ ಮತ್ತೆ ನಾನೇ ಹೊರಟೆ. ಸೋತ ಮೇಲೆ ನಮ್ಮ ಲೆಫ್ಟ್ ಕಾರ್ನರ್ ಹುಡುಗ ಷೂ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದ: "ಹಿಂದೆ ಆರು ಜನ ಇದ್ವಿ ಮಾರಾಯ, ನೆನಪಿತ್ತಾ?" ಸಿಟ್ಟು ಬಂತು. ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಅವನು ಹೇಳಿದ್ದು ಸರಿ ಅಂತ ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ನಿಮ್ಮ ಮಗಳಿಗೆ ಹದಿಮೂರಕ್ಕೇ ಆ ಮಾತು ಸಿಕ್ಕಿದೆ. ಹೇಳಿದ ರೀತಿ ಒರಟು, ಒಪ್ಪುತ್ತೇನೆ.

ಈಗ ನಂಬಿಕೆಗಳ ವಿಷಯ. ಮೊದಲನೆಯದು ನಿಮ್ಮ ಪಿ.ಟಿ. ಮೇಷ್ಟ್ರದ್ದು. ಚೆನ್ನಾಗಿ ಆಡುವವಳೇ ಕ್ಯಾಪ್ಟನ್ ಅನ್ನುವುದು. ನಾನೂ ಎಷ್ಟೋ ವರ್ಷ ಹಾಗೇ ಆರಿಸಿದೆ, ಅವರನ್ನು ದೂರುವುದಿಲ್ಲ. ಆದರೆ ಸಚಿನ್ ತೆಂಡೂಲ್ಕರ್ 25 ಟೆಸ್ಟ್‌ಗಳಿಗೆ ನಾಯಕ, ಗೆದ್ದದ್ದು 4. ಆಟದಲ್ಲಿ ಅವರಿಗೆ ಸಮ ಯಾರು? ಇನ್ನೊಂದು ಕಡೆ, 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಗೆದ್ದಾಗ ತಂಡದಲ್ಲಿ ಕೆ.ಎಲ್. ರಾಹುಲ್, ಕರುಣ್ ನಾಯರ್, ಮನೀಷ್ ಪಾಂಡೆ ಇದ್ದರು. ಮುನ್ನಡೆಸಿದ್ದು ದಾವಣಗೆರೆಯ ಬೌಲರ್ ವಿನಯ್ ಕುಮಾರ್. ಚೆನ್ನಾಗಿ ಆಡುವುದು ಒಂದು ಕೆಲಸ. ಆಡಿಸುವುದು ಬೇರೆಯದೇ ಕೆಲಸ. ಯಾರನ್ನು ಕಂಬದ ಹತ್ತಿರ ಕೂರಿಸಬೇಕು, ತಪ್ಪಿಸಿಕೊಳ್ಳುವ ಮೊದಲ ಬ್ಯಾಚಿನಲ್ಲಿ ಯಾವ ಮೂವರನ್ನು ಬಿಡಬೇಕು, ಯಾರಿಗೆ ಉಸಿರು ಕಟ್ಟುತ್ತಿದೆ, ಇದನ್ನೆಲ್ಲ ನೋಡುವ ಕಣ್ಣು ಓಟದಿಂದ ಬರುವುದಿಲ್ಲ. ಅದನ್ನು ಯಾರೂ ನಿಮ್ಮ ಮಗಳಿಗೆ ಕಲಿಸಿಕೊಟ್ಟಿಲ್ಲ. ಕಲಿಸದ ಪಾಠಕ್ಕೆ ಪರೀಕ್ಷೆ ಇಟ್ಟ ಹಾಗಾಯಿತು ಇದು.

ಎರಡನೆಯದು ನಿಮ್ಮ ಅತ್ತೆಯವರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಮಾತು ಕಡಿಮೆ, ಮಾತು ಜಾಸ್ತಿ ಅನ್ನುವ ಸ್ವಭಾವ ಸುಮಾರಾಗಿ ಹುಟ್ಟಿನಿಂದಲೇ ಬರುತ್ತದೆ. ಆದರೆ ನಾಲ್ಕು ಜನರನ್ನು ಸೇರಿಸಿ ಕೆಲಸ ಮಾಡಿಸುವುದು ಸ್ವಭಾವ ಅಲ್ಲ, ರೂಢಿ. ಅವರನ್ನೇ ಕೇಳಿ ನೋಡಿ. ಮುಯ್ಯಾಳು ಕಟ್ಟಿಕೊಂಡು ರಾಗಿ ಕೊಯ್ಯುತ್ತಿದ್ದ ಕಾಲದಲ್ಲಿ ಯಾರಿಗೆ ಯಾವ ಸಾಲು, ಯಾರ ಹೊಲ ಮೊದಲು, ಬಾಣಂತನ ಮುಗಿಸಿ ಬಂದವಳಿಗೆ ಯಾವ ಹಗುರ ಕೆಲಸ ಅಂತ ನಿರ್ಧಾರ ಮಾಡುತ್ತಿದ್ದವರು ಯಾರು? ಅವರು ಅದಕ್ಕೆ ಲೀಡರ್‌ಶಿಪ್ ಅಂತ ಹೆಸರಿಟ್ಟಿರಲಿಲ್ಲ, ಅಷ್ಟೇ. ಮೊಮ್ಮಗಳಿಗೆ ಅವರಷ್ಟು ಚೆನ್ನಾಗಿ ಈ ಪಾಠ ಹೇಳುವವರು ಬೆಂಗಳೂರಿನ ಕ್ಯಾಂಪಿನಲ್ಲೂ ಸಿಗಲಿಕ್ಕಿಲ್ಲ.

"ಹೆಣ್ಣುಮಗಳಿಗೆ ಯಾಕೆ" ಅನ್ನುವುದಕ್ಕೆ ಒಂದೇ ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಅವರು ಕ್ಯಾಪ್ಟನ್ ಆಗಿರಲಿಲ್ಲ. ಕ್ಯಾಪ್ಟನ್ ಪ್ರಿಯಾಂಕಾ ಇಂಗಳೆ. ಕ್ಯಾಪ್ಟನ್ ಅಲ್ಲದೆಯೂ ತಂಡಕ್ಕೆ ಬೇಕಾದವಳಾಗಿ ಇರಬಹುದು. ಇದನ್ನು ನೆನಪಿಡಿ, ಕೆಳಗೆ ಮತ್ತೆ ಬರುತ್ತೇನೆ.

ಮೂರನೆಯ ನಂಬಿಕೆ ನಮ್ಮ ಕಸುಬಿನವರೇ ಹಬ್ಬಿಸಿದ್ದು. ಆಟ ಆಡಿಸಿದರೆ ಸಾಕು, ಹೊಂದಾಣಿಕೆ ತಾನಾಗಿಯೇ ಬರುತ್ತದೆ ಅನ್ನುವುದು. ಬರುವುದಿಲ್ಲ. ಒಂದೊಂದು ಸಲ ಆಟ ತದ್ವಿರುದ್ಧ ಪಾಠ ಕಲಿಸುತ್ತದೆ.

ಹಗ್ಗಜಗ್ಗಾಟವನ್ನೇ ತೆಗೆದುಕೊಳ್ಳಿ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದ. ಜನ ಒಬ್ಬೊಬ್ಬರೇ ಹಗ್ಗ ಎಳೆದರೆ ಎಷ್ಟು ಬಲ, ಗುಂಪಾಗಿ ಎಳೆದರೆ ಎಷ್ಟು ಅಂತ ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲಿನ ಬಲ, ಒಂಟಿಯಾಗಿ ಎಳೆದದ್ದರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಸ್ವಲ್ಪ ಮಟ್ಟಿಗೆ ಇದು ತಾಳ ತಪ್ಪುವುದರಿಂದ. ಎಲ್ಲರೂ ಒಂದೇ ಕ್ಷಣಕ್ಕೆ "ಐಸಾ" ಅನ್ನದಿದ್ದರೆ ಬಲ ಸೋರಿಹೋಗುತ್ತದೆ. ಉಳಿದದ್ದು ಮನಸ್ಸಿನದು. 1974ರಲ್ಲಿ ಅಮೆರಿಕದಲ್ಲಿ ಇದನ್ನೇ ಇನ್ನೊಂದು ರೀತಿ ಪರೀಕ್ಷೆ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಹಿಂದೆ ಬೇರೆಯವರೂ ಎಳೆಯುತ್ತಿದ್ದಾರೆ ಅಂತ ನಂಬಿಸಿದರು. ನಿಜಕ್ಕೂ ಎಳೆಯುತ್ತಿದ್ದವನು ಅವನೊಬ್ಬನೇ. ಆದರೂ ಕೈ ಸಡಿಲ ಬಿಟ್ಟ. ನನ್ನ ಪಾಲು ಯಾರಿಗೂ ಕಾಣುವುದಿಲ್ಲ ಅಂತ ಗೊತ್ತಾದರೆ ಮನುಷ್ಯ ಹೀಗೇ. ನಿಮ್ಮ ಮಗಳ ಟೀಮಿನಲ್ಲಿ ಕೂತ ಎಂಟು ಹುಡುಗಿಯರಿಗೂ ಇದೇ ಆಗಿದ್ದರೆ ಆಶ್ಚರ್ಯವಿಲ್ಲ. ಖೋ ಹೇಗೂ ಬರುವುದಿಲ್ಲ ಅಂದ ಮೇಲೆ ಯಾಕೆ ತುದಿಗಾಲಲ್ಲಿ ಕೂರಬೇಕು?

ಗುಂಪು ಗುಂಪುಗಳ ನಡುವೆ ಬರೀ ಸ್ಪರ್ಧೆ ಹಚ್ಚಿದರೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. 1954ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಮುಜಫರ್ ಶೆರಿಫ್ ಅನ್ನುವ ಮನಶ್ಶಾಸ್ತ್ರಜ್ಞ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿದ. ಬೇಸ್‌ಬಾಲ್, ಹಗ್ಗಜಗ್ಗಾಟ, ಗೆದ್ದವರಿಗೆ ಬಹುಮಾನ. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಕೋಣೆಗೆ ನುಗ್ಗಿದರು. ಆಮೇಲೆ ಅವನು ಎರಡು ಗುಂಪೂ ಸೇರದೆ ಆಗದಂಥ ಕೆಲಸಗಳನ್ನು ಮುಂದಿಟ್ಟ. ನೀರು ನಿಂತುಹೋಗಿದೆ, ಊಟ ತರುವ ಲಾರಿ ಕೆಟ್ಟು ನಿಂತಿದೆ, ಹೀಗೆ. ಆ ಲಾರಿಯನ್ನು ಹುಡುಗರೆಲ್ಲ ಸೇರಿ ಎಳೆದದ್ದು ಯಾವ ಹಗ್ಗದಿಂದ ಗೊತ್ತಾ? ಮೊದಲು ಹಗ್ಗಜಗ್ಗಾಟಕ್ಕೆ ಬಳಸಿದ ಹಗ್ಗದಿಂದಲೇ. ಮಕ್ಕಳನ್ನು ಹೀಗೆ ಜಗಳಕ್ಕೆ ಹಚ್ಚಿ ನೋಡುವುದು ಸರಿಯೇ ಅನ್ನುವ ಪ್ರಶ್ನೆ ನನಗೂ ಇದೆ. ಆದರೆ ಆ ಹಗ್ಗವನ್ನು ನಾನು ಮರೆತಿಲ್ಲ.

ಹಾಗಾದರೆ ಆಟದಿಂದ ಏನು ಪ್ರಯೋಜನ? ಆಟ ಬೇಗ ತೋರಿಸುತ್ತದೆ. ತರಗತಿಯಲ್ಲಿ ಒಂದು ವರ್ಷ ಕಾಣದ್ದು ಅಂಕಣದಲ್ಲಿ ಹತ್ತು ನಿಮಿಷದಲ್ಲಿ ಕಾಣುತ್ತದೆ. ಯಾರು ಕಿರುಚುತ್ತಾರೆ, ಯಾರು ಮುದುಡುತ್ತಾರೆ, ಯಾರು ಬಿದ್ದವಳ ಕೈ ಹಿಡಿಯುತ್ತಾರೆ, ಎಲ್ಲ. ಕಲಿಯುವುದು ಮಾತ್ರ ಆಟ ನಿಂತ ಮೇಲೆ, ದುಂಡಗೆ ಕೂತು ಮಾತಾಡಿದಾಗ. ಏನಾಯಿತು? ಯಾಕೆ ಹಾಗಾಯಿತು? ನಾಳೆ ಯಾವುದೊಂದನ್ನು ಬದಲಾಯಿಸೋಣ? ಈ ಮೂರು ಪ್ರಶ್ನೆ, ಆಮೇಲೆ ಮತ್ತೆ ಆಟ. ಡೇವಿಡ್ ಕೋಲ್ಬ್ ಎಂಬವರು 1984ರಲ್ಲಿ ಇದನ್ನು ಒಂದು ಚಕ್ರವಾಗಿ ಬರೆದಿಟ್ಟರು, ಈಗ ಟ್ರೈನಿಂಗ್ ಕೊಡುವವರೆಲ್ಲ ಅದರ ಚಿತ್ರ ತೋರಿಸುತ್ತಾರೆ. ಚಿತ್ರ ತೋರಿಸಿ ಮುಗಿಸುವವರೇ ಜಾಸ್ತಿ, ದುಂಡಗೆ ಕೂರಿಸುವವರು ಕಡಿಮೆ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಟೀಮನ್ನೇ ಬಿಡಿಸುವುದು ಎಲ್ಲಕ್ಕಿಂತ ಸುಲಭ. ಅಳು ನಿಲ್ಲುತ್ತದೆ. ಆದರೆ "ನಾಲ್ಕು ಜನರ ಮುಂದೆ ತಪ್ಪಾದರೆ ಅಲ್ಲಿಂದ ಎದ್ದು ಬರಬೇಕು" ಅನ್ನುವ ಪಾಠ ಮನಸ್ಸಿನಲ್ಲಿ ಕೂತುಬಿಡುತ್ತದೆ. ಜೊತೆಗೆ ಅದೇ ಹುಡುಗಿಯರು ತರಗತಿಯಲ್ಲೂ ಇದ್ದಾರೆ, ಅಲ್ವಾ? ಟೀಮು ಬಿಟ್ಟರೂ ಅವರ ಮುಖ ನೋಡುವುದು ತಪ್ಪುವುದಿಲ್ಲ.

ಒತ್ತಾಯ ಮಾಡಿ ಕ್ಯಾಪ್ಟನ್ ಆಗಿಯೇ ಮುಂದುವರಿಸುವುದು ಇನ್ನೊಂದು. ಕೆಲವು ಮಕ್ಕಳು ಇದರಿಂದ ಗಟ್ಟಿಯಾಗುತ್ತಾರೆ. ಆದರೆ ಅವಳ ಕೆಲಸದಲ್ಲಿ ಏನೂ ಬದಲಾಗದೆ ಬರೀ ಧೈರ್ಯ ತುಂಬಿ ಕಳಿಸಿದರೆ ಮುಂದಿನ ಪಂದ್ಯದಲ್ಲೂ ಅದೇ ಆಗುತ್ತದೆ. ಎರಡನೇ ಸಲದ ಗಾಯ ಮೊದಲನೆಯದಕ್ಕಿಂತ ಆಳ.

ನನಗೆ ಸರಿ ಕಾಣುವುದು ನಡುವಿನ ದಾರಿ. ಅವಳು ಟೀಮಿನಲ್ಲಿ ಇರಲಿ. ಕ್ಯಾಪ್ಟನ್ ಕೆಲಸವನ್ನು ಎರಡು ತಿಂಗಳು ಸರದಿ ಮೇಲೆ ಹಂಚಿ ಅಂತ ಪಿ.ಟಿ. ಮೇಷ್ಟ್ರನ್ನು ಕೇಳಿ. ಒಂದು ವಾರ ಇವಳು, ಒಂದು ವಾರ ಆ ಮಾತು ಹೇಳಿದ ಹುಡುಗಿಯೇ. ಹೌದು, ಅವಳೇ. ಕೂತ ಜಾಗದಿಂದ ಆಟವನ್ನು ಅಷ್ಟು ಸರಿಯಾಗಿ ನೋಡಿದವಳು ಅವಳು. ಓಡುವವಳ ಕಷ್ಟ ಅವಳಿಗೂ ಗೊತ್ತಾಗಲಿ. ಇದರಲ್ಲೂ ಅಪಾಯ ಇದೆ. ಊರವರು "ಕ್ಯಾಪ್ಟನ್‌ನಿಂದ ಇಳಿಸಿದರಂತೆ" ಅನ್ನಬಹುದು. ಅದಕ್ಕೇ ಎಲ್ಲ ಹುಡುಗಿಯರಿಗೂ ಸರದಿ ಬರುವ ಹಾಗೆ ಮಾಡಬೇಕು, ಇವಳೊಬ್ಬಳ ವಿಷಯ ಅನ್ನಿಸಬಾರದು.

ಮೇಷ್ಟ್ರು ಒಪ್ಪಿದರೆ ಅಭ್ಯಾಸದಲ್ಲಿ ಒಂದು ಸಣ್ಣ ನಿಯಮ ಸೇರಿಸಲು ಹೇಳಿ. ಯಾರೇ ಓಡಲಿ, ಮೂರು ಚೌಕ ದಾಟುವುದರೊಳಗೆ ಖೋ ಕೊಡಲೇಬೇಕು. ನಾನು ಇದನ್ನು ವರ್ಷಗಟ್ಟಲೆ ಆಡಿಸಿದ್ದೇನೆ. ಮೊದಲ ದಿನ ಗಲಾಟೆ, ಫೌಲ್ ಮೇಲೆ ಫೌಲ್. ವಾರದ ಹೊತ್ತಿಗೆ ಕೂತವರ ಬೆನ್ನು ನೆಟ್ಟಗಾಗಿರುತ್ತದೆ, ಯಾಕಂದರೆ ಯಾವ ಕ್ಷಣದಲ್ಲಾದರೂ ತಮ್ಮ ಸರದಿ ಬರಬಹುದು. ಇನ್ನೊಂದು ಆಟಕ್ಕೆ ಒಂದು ಬಾವಿ ಹಗ್ಗ ಸಾಕು. ತುದಿ ಎರಡನ್ನೂ ಸೇರಿಸಿ ಗಂಟು ಹಾಕಿ, ಎಂಟು ಜನ ಕಣ್ಣು ಕಟ್ಟಿಕೊಂಡು ಹಗ್ಗ ಹಿಡಿದು, ಅದನ್ನು ಸರಿಯಾದ ಚೌಕ ಮಾಡಬೇಕು. ಮೊದಲು ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಸುಸ್ತಾಗಿ ಸುಮ್ಮನಾದಾಗ, ಮಾತು ಕಡಿಮೆ ಇರುವ ಒಬ್ಬಳು ಮೆಲ್ಲಗೆ "ಮೂಲೆಗೊಬ್ಬರು ನಿಲ್ಲೋಣ" ಅನ್ನುತ್ತಾಳೆ. ಎಷ್ಟು ಸಲ ಕಂಡಿದ್ದೇನೋ ಇದನ್ನು. ನಿಮ್ಮ ಮಗಳ ಥರದವರು ಮುಂದೆ ಬರುವುದು ಸಾಮಾನ್ಯವಾಗಿ ಇಂಥ ಆಟದಲ್ಲಿ.

ಕ್ಯಾಂಪಿನ ಬಗ್ಗೆ. ನನ್ನ ಹೊಟ್ಟೆಪಾಡೇ ಅದು, ಹಾಗಾಗಿ ಬೇಡ ಅನ್ನಲಾರೆ, ಆದರೆ ನಿಮಗೆ ಸುಳ್ಳು ಹೇಳಲೂ ಆರೆ. ಅಲ್ಲಿ ಅವಳನ್ನು ಯಾರೂ ಅರಿಯರು. "ಇವಳು ಮಾತಾಡೋದೇ ಇಲ್ಲ" ಅಂತ ಹಣೆಪಟ್ಟಿ ಹಚ್ಚಿದವರು ಅಲ್ಲಿ ಇರುವುದಿಲ್ಲ. ನಾಚಿಕೆಯ ಮಕ್ಕಳಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಅವಳ ಜಗಳ ಇರುವುದು ತನ್ನ ಟೀಮಿನ ಹುಡುಗಿಯರ ಜೊತೆ. ಅವರು ಆ ಕ್ಯಾಂಪಿಗೆ ಬರುವುದಿಲ್ಲ. ಮೂರು ದಿನ ಆಗಿ ಊರಿಗೆ ಬಂದರೆ ಅದೇ ಬಸ್ಸು, ಅದೇ ಮೌನ. 12 ಸಾವಿರ ನಿಮಗೆ ಹೊರೆ ಆಗುವಂತಿದ್ದರೆ ಈ ವರ್ಷ ಬಿಡಿ. ಶಾಲೆಯಲ್ಲಿ ಗೈಡ್ಸ್ ದಳ ಇದೆಯೇ ವಿಚಾರಿಸಿ. ಅಲ್ಲಿ ಆರೆಂಟು ಮಕ್ಕಳ ಚಿಕ್ಕ ಗುಂಪಿಗೆ ಅವರಲ್ಲೇ ಒಬ್ಬರು ಲೀಡರ್, ಡೇರೆ ಹಾಕುವುದರಿಂದ ಅನ್ನ ಬೇಯಿಸುವ ತನಕ ಅವರದೇ ಜವಾಬ್ದಾರಿ. ಖರ್ಚೂ ಕಡಿಮೆ.

ಕಳಿಸುವುದೇ ಆದರೆ ಕೆಲವನ್ನು ಮೊದಲೇ ಕೇಳಿ. ಎಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರು? ರಾತ್ರಿ ಹೆಣ್ಣುಮಕ್ಕಳ ಜೊತೆ ಉಳಿಯುವ ಮಹಿಳೆಯರು ಯಾರು? ನೀರಿನ ಆಟ ಇದ್ದರೆ ಪ್ರತಿ ಮಗುವಿಗೂ ಲೈಫ್ ಜಾಕೆಟ್ ಇದೆಯೇ? ಆಸ್ಪತ್ರೆ ಎಷ್ಟು ದೂರ? ಮಗು "ನಾನು ಇದನ್ನು ಮಾಡಲ್ಲ" ಅಂದರೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ "ನಾವು ಮೋಟಿವೇಟ್ ಮಾಡ್ತೀವಿ" ಅಂತ ಉತ್ತರ ಬಂದರೆ ನನಗೆ ಭಯ. ಯಾಕೆ ಅಂತ ಹೇಳುತ್ತೇನೆ. ಈ ಕಸುಬಿನ ಶುರುವಿನಲ್ಲಿ ಒಂದು ಶಾಲೆಯ ಮಕ್ಕಳಿಗೆ ನಂಬಿಕೆಯ ಆಟ ಆಡಿಸುತ್ತಿದ್ದೆ. ಒಬ್ಬರು ಕಟ್ಟೆ ಮೇಲೆ ನಿಂತು ಹಿಂದಕ್ಕೆ ಬೀಳಬೇಕು, ಉಳಿದವರು ಕೈ ಜೋಡಿಸಿ ಹಿಡಿಯಬೇಕು. ಒಬ್ಬ ಹುಡುಗ ಬೇಡ ಅಂದ. ನಾನು ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿ ಹುರಿದುಂಬಿಸಿದೆ. ಬೀಳುವಾಗ ಹೆದರಿ ಮೈ ತಿರುಗಿಸಿದ. ಹಿಡಿದವರ ಕೈ ಜಾರಿತು. ಮುಂಗೈ ಮೂಳೆ ಮುರಿಯಿತು. ತಪ್ಪು ಪೂರ್ತಿ ನನ್ನದು. ಅವತ್ತಿನಿಂದ ಆ ಆಟ ಆಡಿಸಿಲ್ಲ. ಚಪ್ಪಾಳೆ ಹೊಡೆಸಿ ಮಗುವಿನ "ಬೇಡ"ವನ್ನು ಮುಚ್ಚಿಸುವುದನ್ನೂ ಬಿಟ್ಟೆ. ಎಲ್ಲರ ಮುಂದೆ ನಿಲ್ಲಿಸಿ "ನಿನ್ನ ಬಾಳಿನ ದೊಡ್ಡ ನೋವು ಹೇಳು" ಅನ್ನುವ ಕ್ಯಾಂಪುಗಳೂ ಇವೆ. ಅಂಥ ಕಡೆ ಮಗುವನ್ನು ಬಿಡಬೇಡಿ.

ಒಂದು ಎಚ್ಚರಿಕೆ. ಬೇಜಾರು ಎರಡು ಮೂರು ವಾರ ಇರುವುದು ಸಹಜ. ಆದರೆ ಊಟ ಬಿಟ್ಟರೆ, ಶಾಲೆಗೆ ಹೊರಡುವ ಹೊತ್ತಿಗೇ ದಿನಾ ಹೊಟ್ಟೆನೋವು ಬಂದರೆ, ಆ ಹುಡುಗಿಯರು ಬೇಕೆಂದೇ ಅವಳನ್ನು ದೂರ ಇಡುತ್ತಿದ್ದಾರೆ ಅನಿಸಿದರೆ ಅದು ಆಟದ ವಿಷಯವಾಗಿ ಉಳಿದಿಲ್ಲ. ತರಗತಿಯ ಟೀಚರ್ ಜೊತೆ ತಡ ಮಾಡದೆ ಮಾತಾಡಿ. ಮಕ್ಕಳ ಸಹಾಯವಾಣಿ 1098 ಇದೆ, ಕರೆ ಉಚಿತ.

ಮನೆಯಲ್ಲಿ ಏನು ಹೇಳಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೋಲೇ ಗೆಲುವಿನ ಮೆಟ್ಟಿಲು ಅನ್ನಬೇಡಿ, ಅವಳು ಅದನ್ನು ಶಾಲೆಯ ಗೋಡೆ ಮೇಲೆ ದಿನಾ ಓದುತ್ತಾಳೆ. "ಆ ಹುಡುಗಿಗೆ ಹೊಟ್ಟೆಕಿಚ್ಚು" ಅಂತಲೂ ಅನ್ನಬೇಡಿ. ಒಂದು ಸಂಜೆ ಅವಳು ಸುಮ್ನೆ ಕೂತಿದ್ದಾಗ ಇಷ್ಟೇ ಕೇಳಿ: "ಆ ಪಂದ್ಯದಲ್ಲಿ ಕೂತಿದ್ದ ಎಂಟು ಜನರಲ್ಲಿ ಎದ್ದು ಓಡೋಕೆ ರೆಡಿಯಾಗಿ ಕೂತಿದ್ದೋರು ಯಾರ್ಯಾರು?" ಅವಳು ಎರಡು ಮೂರು ಹೆಸರು ಹೇಳಿದರೆ ಮರುದಿನವೇ ಪಿ.ಟಿ. ಮೇಷ್ಟ್ರನ್ನು ಕಂಡು ಸರದಿಯ ಮಾತು ಎತ್ತಿ. "ಗೊತ್ತಿಲ್ಲ, ನಾನು ನೋಡಲಿಲ್ಲ" ಅಂದರೆ ಒತ್ತಾಯ ಬೇಡ, ಒಂದು ವಾರ ಬಿಡಿ. ಮುಂದಿನ ಅಭ್ಯಾಸಕ್ಕೆ ಆಡದೆ ಸುಮ್ನೆ ಬದಿಯಲ್ಲಿ ಕೂತು ನೋಡಿ ಬಾ ಅಂತ ಕಳಿಸಿ. ವಾಪಸ್ ಬಂದ ಮೇಲೆ ಅದೇ ಪ್ರಶ್ನೆ ಇನ್ನೊಂದು ಸಲ ಕೇಳಿ.